ಅಶ್ವಶಕ್ತಿಯ ಸಾಲ

ವಾಹನದ ಎಂಜಿನ್ನಿಗೆ ಜೋಡಿಸಿದರೆ ಶೇ. 20ರಿಂದ 30ರಷ್ಟು ಹೆಚ್ಚು ಬಲ ಕೊಡುವ, ಜೊತೆಗೆ ಡೀಸೆಲನ್ನೂ ಉಳಿಸುವ ಪುಟ್ಟ ಪೆಟ್ಟಿಗೆಯೊಂದರ ಮಾತು ಈಗ ಪಟ್ಟಣದ ಗ್ಯಾರೇಜುಗಳನ್ನು ದಾಟಿ ಹಳ್ಳಿಯ ಜಗಲಿಗಳನ್ನೂ ತಲುಪಿದೆ. ಅಂಗೈಯಗಲದ ಈ ಪೆಟ್ಟಿಗೆಯನ್ನು ಅರ್ಧ ಗಂಟೆಯಲ್ಲಿ ಕೂರಿಸಬಹುದು, ಬೇಡವೆನಿಸಿದರೆ ಬಿಚ್ಚಿಡಬಹುದು ಎಂಬುದು ಮಾರುವವರ ವಾದ. ಬೆಲೆಯೂ ಸಾಲ ಮಾಡಿ ಗಾಡಿ ಕೊಂಡವನ ಕೈಗೆ ನಿಲುಕದಷ್ಟೇನಿಲ್ಲ. ಕೊಳ್ಳಬೇಕೇ, ಕೊಳ್ಳುವುದಾದರೆ ಯಾವುದನ್ನು, ಗಾಡಿಯ ಬಾಳಿಕೆಗೆ ಕುಂದು ಬಾರದಂತೆ ಆರಿಸುವುದು ಹೇಗೆ ಎಂಬ ಪ್ರಶ್ನೆಗಳು ಕ್ಷುಲ್ಲಕವಲ್ಲ. ಗಾಡಿಯನ್ನೇ ನಂಬಿ ಬದುಕುವ ಕುಟುಂಬಗಳಿಗೆ ಇವು ಜೀವನೋಪಾಯದ ಪ್ರಶ್ನೆಗಳು.

ಬೆಟ್ಟದ ಸೀಮೆಯ ಪತ್ರಿಕೆಯೊಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ವಾಹನಗಳ ಬಗ್ಗೆ ಏಕೆ ಬರೆಯಬೇಕು ಎಂದು ಕೆಲವರಿಗೆ ಅನ್ನಿಸಬಹುದು. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಕೆ.ಆರ್. ಪೇಟೆ ತಾಲ್ಲೂಕನ್ನು ಹಾದು ಕೃಷ್ಣರಾಜಸಾಗರವನ್ನು ಸೇರುತ್ತಾಳೆ. ನೀರು ಇಳಿದು ಹೋಗುವ ಸೀಮೆಯಿಂದಲೇ ತರಕಾರಿ, ಬೆಲ್ಲ, ಎಳನೀರು ಹೊತ್ತ ಗಾಡಿಗಳು ನಮ್ಮ ಕಡೆಗೆ ಏರಿ ಬರುತ್ತವೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದ ಲಾರಿ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಬರುತ್ತದೆ. ಬಯಲಿನ ಗ್ಯಾರೇಜಿನಲ್ಲಿ ಕೂರಿಸಿದ ಪೆಟ್ಟಿಗೆಗೆ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿಯ ಏರಿನಲ್ಲಿ. ಅದು ಉಗುಳುವ ಹೊಗೆ ಸೇರುವುದು ಇಬ್ಬರೂ ಉಸಿರಾಡುವ ಗಾಳಿಗೆ.

ಮೊದಲು ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯೋಣ. ಕೃಷಿ ವಿಜ್ಞಾನದಲ್ಲಿ ಕನಿಷ್ಠಾಂಶದ ನಿಯಮ ಎಂಬುದೊಂದಿದೆ. 19ನೇ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಪ್ರಚುರಪಡಿಸಿದ ಈ ನಿಯಮದ ಪ್ರಕಾರ ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಲ್ಲಿರುವ ಪೋಷಕಾಂಶ. ಪೊಟ್ಯಾಷ್ ಇಲ್ಲದ ಕಬ್ಬಿನ ಗದ್ದೆಗೆ ಯೂರಿಯಾ ಸುರಿದರೆ ಎಲೆ ಕಪ್ಪುಹಸಿರಾಗಿ ಸೊಕ್ಕುತ್ತದೆ, ಪೈರು ನೆಲಕ್ಕೊರಗುತ್ತದೆ. ಸಕ್ಕರೆಯ ಅಂಶ ಹೆಚ್ಚುವುದಿಲ್ಲ. ಎಂಜಿನ್ನಿನಲ್ಲಿಯೂ ಹೀಗೆಯೇ. ಒಂದು ಕೆ.ಜಿ. ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕೆ.ಜಿ. ಗಾಳಿ ಬೇಕು. ಡೀಸೆಲ್ ಹನಿಗಳು ಗಾಳಿಯೊಡನೆ ಬೆರೆಯಲು ಸಿಗುವ ಅವಕಾಶ ಕ್ಷಣಮಾತ್ರದ್ದಾದುದರಿಂದ ಹೊಗೆಯಿಲ್ಲದೆ ಉರಿಯಬೇಕಾದರೆ ಇದಕ್ಕಿಂತಲೂ ಸಾಕಷ್ಟು ಹೆಚ್ಚಿನ ಗಾಳಿ ಇರಲೇಬೇಕು. ಆ ಮಿತಿಯವರೆಗೆ ಡೀಸೆಲ್ ಹೆಚ್ಚಿಸಿದರೆ ಬಲ ಹೆಚ್ಚುತ್ತದೆ. ಮಿತಿ ದಾಟಿದ ಮೇಲೆ ಸುರಿದ ಡೀಸೆಲಿನಿಂದ ದೊರೆಯುವುದು ಕಪ್ಪು ಹೊಗೆ ಮತ್ತು ಶಾಖ. ಬೆಟ್ಟ ಏರಿದಂತೆ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದಲ್ಲಿ ಅದರ ಸಾಂದ್ರತೆ ಸುಮಾರು ಹತ್ತನೆಯ ಒಂದು ಭಾಗ ಕಡಿಮೆ. ಟರ್ಬೊ ಇರುವ ಎಂಜಿನ್ನು ಆ ಕೊರತೆಯನ್ನು ತುಂಬಬಲ್ಲುದಾದರೂ ಅದಕ್ಕಾಗಿ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ.

ಹಾಗಾದರೆ ಪೆಟ್ಟಿಗೆಯಿಂದ ಬಲ ಹೆಚ್ಚುವುದೇ ಇಲ್ಲವೇ? ಹೆಚ್ಚುವುದುಂಟು. ತಯಾರಕರು ಎಂಜಿನ್ನಿನ ಪೂರ್ಣ ಸಾಮರ್ಥ್ಯವನ್ನು ಬಳಸಿ ಗಾಡಿಯನ್ನು ಮಾರುವುದಿಲ್ಲ. ಬೇಸಗೆಯ ಬಿಸಿಲು, ಕಲಬೆರಕೆ ಇಂಧನ, ಕಾಲಕ್ಕೆ ಬದಲಾಯಿಸದ ಆಯಿಲ್, ಮಿತಿಮೀರಿದ ಹೇರು, ಘಾಟಿಯ ಏರು - ಇವೆಲ್ಲವನ್ನೂ ತಾಳಿಕೊಳ್ಳಲೆಂದು ಒಂದಷ್ಟು ಬಲವನ್ನು ಕಾಯ್ದಿರಿಸುತ್ತಾರೆ. ಪೆಟ್ಟಿಗೆ ಕೊಡುವ ಹೆಚ್ಚುವರಿ ಅಶ್ವಶಕ್ತಿ ಈ ಕಾಯ್ದಿಟ್ಟ ಗಂಟಿನಿಂದ ತೆಗೆದ ಸಾಲ. ಸಾಲ ತೆಗೆಯುವುದೇ ತಪ್ಪೆಂದು ಯಾರೂ ಹೇಳಲಾರರು. ಎಷ್ಟು ತೆಗೆದೆವು, ಬಡ್ಡಿ ಎಷ್ಟು, ತೀರಿಸುವವರು ಯಾರು ಎಂದು ಕೇಳದೆ ತೆಗೆಯುವುದು ತಪ್ಪು.

ಮಾರುಕಟ್ಟೆಯಲ್ಲಿರುವುದು ಒಂದೇ ಬಗೆಯ ಸಾಧನವಲ್ಲ. ಸ್ಥೂಲವಾಗಿ ಅವುಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಸ್ಟಿಯರಿಂಗಿನ ಕೆಳಗಿರುವ ತಪಾಸಣೆ ಪ್ಲಗ್ಗಿಗೆ ಸುಮ್ಮನೆ ಸಿಕ್ಕಿಸುವ ಅಗ್ಗದ ಗುಂಡಿ. ಬಲವೂ ಮೈಲೇಜೂ ಹೆಚ್ಚುತ್ತದೆಂದು ಹೇಳಿ ಮಾರುವ ಇಂತಹ ಹಲವು ಗುಂಡಿಗಳನ್ನು ಬಿಚ್ಚಿ ನೋಡಿದವರಿಗೆ ಕಂಡದ್ದು ಮಿಣುಕುವ ದೀಪಗಳನ್ನು ನಡೆಸುವ ಸರ್ಕ್ಯೂಟ್ ಮಾತ್ರ. ಎಂಜಿನ್ನಿಗೆ ಇವುಗಳಿಂದ ಲಾಭವಿಲ್ಲ.

ಎರಡನೆಯದು, ಆಕ್ಸಿಲರೇಟರ್ ಪೆಡಲಿನ ಸಂಕೇತವನ್ನು ಬದಲಿಸುವ ಪೆಟ್ಟಿಗೆ. ಪೆಡಲನ್ನು ಕಾಲುಭಾಗ ಒತ್ತಿದಾಗ ಅರ್ಧ ಒತ್ತಿದೆವೆಂದು ಇದು ಎಂಜಿನ್ನಿಗೆ ತಿಳಿಸುತ್ತದೆ. ಗಾಡಿಗೆ ಪಿಕಪ್ ಬಂದಂತೆ ಭಾಸವಾಗುತ್ತದೆಯೇ ಹೊರತು ಬಲ ಒಂದಿನಿತೂ ಹೆಚ್ಚುವುದಿಲ್ಲ. ಎಂಜಿನ್ನಿನ ಮಿತಿಗಳನ್ನು ಮುಟ್ಟದ ಕಾರಣ ಅಪಾಯವೂ ಕಡಿಮೆ.

ಮೂರನೆಯದೇ ಹೆಚ್ಚು ಚಾಲ್ತಿಯಲ್ಲಿರುವ ಟ್ಯೂನಿಂಗ್ ಬಾಕ್ಸ್. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಅತ್ಯಧಿಕ ಒತ್ತಡದಲ್ಲಿ ಒಂದು ಕೊಳವೆಯೊಳಗೆ ತುಂಬಿಟ್ಟಿರಲಾಗುತ್ತದೆ. ಆ ಒತ್ತಡವನ್ನು ಅಳೆಯುವ ಸೆನ್ಸರಿಗೂ ಎಂಜಿನ್ನಿನ ಗಣಕಕ್ಕೂ ನಡುವೆ ಕುಳಿತ ಪೆಟ್ಟಿಗೆ, ಒತ್ತಡ ನಿಜಕ್ಕಿಂತ ಕಡಿಮೆಯಿದೆಯೆಂದು ಸುಳ್ಳು ಹೇಳುತ್ತದೆ. ಗಣಕ ಅದನ್ನು ನಂಬಿ ಒತ್ತಡವನ್ನು ಏರಿಸುತ್ತದೆ. ಪ್ರತಿ ಸಿಂಪಡಣೆಯಲ್ಲಿಯೂ ಹೆಚ್ಚು ಡೀಸೆಲ್ ಒಳಹೋಗುತ್ತದೆ. ಪಂಪು, ನಾಜಲುಗಳ ಮೇಲಿನ ನಿಜವಾದ ಹೊರೆ ಎಷ್ಟೆಂಬುದು ಅಂದಿನಿಂದ ಗಣಕಕ್ಕೇ ತಿಳಿಯದು. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಕಣವನ್ನು ಕಾಯಲು ಹೇಳಿದಂತಾಯಿತು.

ನಾಲ್ಕನೆಯದು ರೀಮ್ಯಾಪ್, ಅಂದರೆ ಗಣಕದೊಳಗಿನ ಲೆಕ್ಕಪಟ್ಟಿಯನ್ನೇ ತಿದ್ದುವುದು. ಬಲ್ಲವರು ತಿದ್ದಿದರೆ ಇಂಧನದ ಜೊತೆಗೆ ಗಾಳಿಯ ಒತ್ತಡ, ಸಿಂಪಡಣೆಯ ಸಮಯ, ಶಾಖ ಹೆಚ್ಚಿದಾಗ ಬಲವನ್ನು ತಗ್ಗಿಸುವ ರಕ್ಷಣೆ ಇವನ್ನೆಲ್ಲ ಹೊಂದಿಸಿ ಉಳಿಸಿಕೊಳ್ಳಬಹುದು. ಎಲ್ಲಿಂದಲೋ ನಕಲು ಮಾಡಿದ ಕಡತವನ್ನು ತುಂಬಿದರೆ ಇದೇ ವಿಧಾನ ಪೆಟ್ಟಿಗೆಗಿಂತಲೂ ಹೆಚ್ಚು ಕೆಡುಕು ಮಾಡುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗಂತೂ ಯಾವ ವಿಧಾನದಿಂದಲೂ ದೊರೆಯುವ ಲಾಭ ಅತ್ಯಲ್ಪ. ಒಳಬರುವ ಗಾಳಿಯನ್ನು ಗಣಕ ಹೆಚ್ಚಿಸಲಾರದು.

ಈಗ ಬಡ್ಡಿಯ ಲೆಕ್ಕ ನೋಡೋಣ. ಜಾಹೀರಾತು ಅಶ್ವಶಕ್ತಿಯನ್ನು ಹೇಳುತ್ತದೆ. ಗಾಡಿಯನ್ನು ಮುರಿಯುವುದು ತಿರುಚುಬಲ, ಅಂದರೆ ಟಾರ್ಕ್. ನಿಮಿಷಕ್ಕೆ 1,800 ಸುತ್ತಿನಲ್ಲಿ 250 ನ್ಯೂಟನ್-ಮೀಟರ್ ಟಾರ್ಕ್ ಕೊಡುವ ಎಂಜಿನ್ನು ಆಗ ಸುಮಾರು 63 ಅಶ್ವಶಕ್ತಿ ನೀಡುತ್ತಿರುತ್ತದೆ. ಅದನ್ನು 310ಕ್ಕೆ ಏರಿಸಿದರೆ ಅಶ್ವಶಕ್ತಿ 78 ಆಗುತ್ತದೆ. ಓಡಿಸುವವನಿಗೆ ಇದು ಸುಖ. ಆದರೆ 250ರ ಲೆಕ್ಕದಲ್ಲಿ ಮಾಡಿದ ಕ್ಲಚ್ ಪ್ಲೇಟು, ಗೇರ್ ಬಾಕ್ಸು, ಆಕ್ಸಲುಗಳ ಮೇಲೆ ಸುಮಾರು ಕಾಲುಭಾಗದಷ್ಟು ಹೆಚ್ಚಿನ ಹೊರೆ ಬೀಳುತ್ತದೆ. ಅವುಗಳನ್ನು ಬಲಪಡಿಸುವ ಯಾವ ಭಾಗವೂ ಪೆಟ್ಟಿಗೆಯ ಜೊತೆ ಬರುವುದಿಲ್ಲ. ಇನ್ನೊಂದು ಶಾಖ. ಹೆದ್ದಾರಿಯಲ್ಲಿ ಹಿಂದಿಕ್ಕಲು ಹತ್ತು ಸೆಕೆಂಡು ಬಳಸುವ ಬಲ ಬೇರೆ, ಹೇರು ಹೊತ್ತು ಘಾಟಿಯಲ್ಲಿ ಇಪ್ಪತ್ತು ನಿಮಿಷ ಎಡೆಬಿಡದೆ ಬಳಸುವ ಬಲ ಬೇರೆ. ಎರಡನೆಯ ಸಂದರ್ಭದಲ್ಲಿ ಹೊರಹೋಗುವ ಅನಿಲದ ಉಷ್ಣತೆ ಏರುತ್ತಾ ಹೋಗಿ ಟರ್ಬೊ, ಪಿಸ್ಟನ್, ಹೆಡ್ ಗ್ಯಾಸ್ಕೆಟ್‌ಗಳನ್ನು ತಿನ್ನತೊಡಗುತ್ತದೆ. ಪಿಸ್ಟನ್ ಸಾಮಾನ್ಯವಾಗಿ ಅಲ್ಯುಮಿನಿಯಂ ಮಿಶ್ರಲೋಹದ್ದು. ಕರಗುವ ಉಷ್ಣತೆಗೆ ಬಹಳ ಮೊದಲೇ ಅದು ಮೆತ್ತಗಾಗುತ್ತದೆ. ಮೂರನೆಯದು ಮಸಿ. ಅರೆಬೆಂದ ಡೀಸೆಲಿನ ಮಸಿ ಎಂಜಿನ್ ಆಯಿಲಿಗೆ ಬೆರೆತು ಅದರ ಆಯುಸ್ಸನ್ನು ಕುಗ್ಗಿಸುತ್ತದೆ. ಇವು ಯಾವುವೂ ಮೊದಲ ವಾರ ಕಾಣುವುದಿಲ್ಲ. ಆದ್ದರಿಂದಲೇ ಪೆಟ್ಟಿಗೆ ಹಾಕಿಸಿಕೊಂಡವನ ಮೊದಲ ವಾರದ ಹೊಗಳಿಕೆ ಸಾಕ್ಷ್ಯವಾಗಲಾರದು.

ಅನೇಕ ಸಂದರ್ಭಗಳಲ್ಲಿ ಪೆಟ್ಟಿಗೆಯ ಅಗತ್ಯವೇ ಇರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಂತೆ, ಗಾಡಿ ಎಳೆಯುತ್ತಿಲ್ಲ ಎಂದು ಬಂದವನಿಗೆ ಕಾರಣ ಹುಡುಕದೆ ಪೆಟ್ಟಿಗೆ ಮಾರಲಾಗುತ್ತಿದೆ. ಕಬ್ಬಿನ ಗದ್ದೆಯ ದಾರಿಯ ಧೂಳಿನಿಂದ ಕಟ್ಟಿಕೊಂಡ ಏರ್ ಫಿಲ್ಟರ್, ನೀರು ಸೇರಿದ ಡೀಸೆಲ್ ಫಿಲ್ಟರ್, ಸೋರುವ ಟರ್ಬೊ ಕೊಳವೆ, ಹಳೆಯದಾದ ನಾಜಲು, ಬಿಗಿಹಿಡಿದ ಬ್ರೇಕು, ಗಾಳಿ ಇಳಿದ ಟಯರು - ಇವುಗಳಲ್ಲಿ ಯಾವುದೊಂದೂ ಎಂಜಿನ್ನಿನ ಬಲವನ್ನು ನುಂಗಬಲ್ಲದು. ಮೊದಲು ಇವನ್ನು ಸರಿಪಡಿಸಿ, ಬಂದ ಬಲವನ್ನು ನೋಡಿ. ಆನಂತರವೂ ಸಾಲದಾದರೆ ಕೊರತೆ ಎಂಜಿನ್ನಿನದೋ ಹೇರಿನದೋ ಎಂದು ಕೇಳಿಕೊಳ್ಳಿ. ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಹೇರಿದವನಿಗೆ ಬೇಕಾಗಿರುವುದು ಇನ್ನೊಂದು ಬಾಡಿಗೆ, ಇನ್ನೊಂದು ಪೆಟ್ಟಿಗೆಯಲ್ಲ.

ಟ್ರಾಕ್ಟರಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಪಾಂಡವಪುರದ ಕಾರ್ಖಾನೆಗೂ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆಗೂ ಕಬ್ಬು ಸಾಗಿಸುವ ಹಂಗಾಮಿನಲ್ಲಿ ಟ್ರೇಲರುಗಳ ಮೇಲೆ ಹೇರಿಗೆ ಮಿತಿಯಿರುವುದಿಲ್ಲ. ನಮ್ಮ ರೈತರಲ್ಲಿ ಹೆಚ್ಚಿನವರು ಬಳಸುವುದು 50 ಅಶ್ವಶಕ್ತಿಯೊಳಗಿನ ಟ್ರಾಕ್ಟರುಗಳನ್ನು. ಅವುಗಳಲ್ಲಿ ಬಹುಪಾಲಿಗೆ ಇರುವುದು ಯಾಂತ್ರಿಕ ಪಂಪು. ಸುಳ್ಳು ಹೇಳಿಸಿಕೊಳ್ಳಲು ಅಲ್ಲಿ ಗಣಕವೇ ಇಲ್ಲ. ಅಂತಹ ಟ್ರಾಕ್ಟರಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾರಲು ಬಂದವರನ್ನು ನಂಬಬೇಡಿ. ಅಲ್ಲಿ ನಡೆಯುವುದು ಪಂಪಿನ ತಿರುಪನ್ನು ತಿರುಗಿಸಿ ಡೀಸೆಲ್ ಹೆಚ್ಚಿಸುವ ಹಳೆಯ ವಿದ್ಯೆ. ಫಲ ಮಾತ್ರ ಒಂದೇ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಮ ಬಂದ ಮೇಲೆ ಅವುಗಳಿಗೆ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ ಬಂದಿದೆ. ಪೆಟ್ಟಿಗೆಯವರ ಕಣ್ಣು ಈಗ ಅವುಗಳ ಮೇಲಿದೆ.

ಉಳುಮೆಯಲ್ಲಿ ಚಕ್ರ ಜಾರುತ್ತಿದ್ದರೆ ಎಂಜಿನ್ನಿಗೆ ಎಷ್ಟು ಬಲ ಸೇರಿಸಿದರೂ ಅದು ಮಣ್ಣನ್ನು ಅರೆಯಲಷ್ಟೇ ಖರ್ಚಾಗುತ್ತದೆ. ಟಯರಿನ ಗಾಳಿ, ಚಕ್ರದ ಮೇಲಿನ ತೂಕ, ಉಪಕರಣದ ಅಗಲ ಇವನ್ನು ಹೊಂದಿಸುವುದೇ ಪರಿಹಾರ. ರಸ್ತೆಯಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಎಂಜಿನ್ನಿಗೆ ಬಲ ಬಂದರೆ ಬ್ರೇಕಿಗೆ ಬಲ ಬರುವುದಿಲ್ಲ. ನಮ್ಮ ಟ್ರೇಲರುಗಳಲ್ಲಿ ಎಷ್ಟೋ ಬ್ರೇಕೇ ಇಲ್ಲದವು. ಹಂಗಾಮಿನ ನಡುವೆ ಎಂಜಿನ್ನು ಕೈಕೊಟ್ಟರೆ ಆಗುವ ನಷ್ಟವೂ ರಿಪೇರಿ ಬಿಲ್ಲಿಗೆ ನಿಲ್ಲುವುದಿಲ್ಲ. ಕಡಿದ ಕಬ್ಬು ದಿನದಿಂದ ದಿನಕ್ಕೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಬೇಸಾಯದಲ್ಲಿ ಯಂತ್ರದ ಮೊದಲ ಗುಣ ವೇಗವಲ್ಲ. ಬೇಕಾದ ದಿನ ಬೇಕಾದ ಹೊತ್ತಿಗೆ ನಡೆಯುವುದು. ಹೆಚ್ಚಿನ ಬಲ ನಿಜವಾಗಿಯೂ ಬೇಕಾದವರು ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಗಳನ್ನು ನೋಡಿ ಟ್ರಾಕ್ಟರ್ ಆರಿಸಲಿ. ಪಿ.ಟಿ.ಒ. ಬಲ, ಡೀಸೆಲ್ ಬಳಕೆ ಮುಂತಾದ ಅಳತೆಗಳು ಅಲ್ಲಿರುತ್ತವೆ.

ಇನ್ನು ಹೊಗೆಯ ಮಾತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿ.ಎಸ್.-6 ನಿಯಮದ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕವಿದೆ. ಹಿಡಿದ ಮಸಿಯನ್ನು ಸುಮಾರು 600 ಡಿಗ್ರಿ ಶಾಖದಲ್ಲಿ ಆಗಾಗ ಸುಟ್ಟುಹಾಕಲಾಗುತ್ತದೆ. ಪೆಟ್ಟಿಗೆಯಿಂದ ಮಸಿ ಹೆಚ್ಚಿದರೆ ಶೋಧಕ ಬೇಗ ತುಂಬುತ್ತದೆ, ಮತ್ತೆ ಮತ್ತೆ ಸುಡಬೇಕಾಗುತ್ತದೆ. ಅದಕ್ಕೆ ಬೇಕಾದ ಡೀಸೆಲ್ ನಿಮ್ಮ ಟ್ಯಾಂಕಿನದೇ. ಆಗ ಬರುವುದು ಎರಡನೆಯ ಸಲಹೆ: ಶೋಧಕವನ್ನೇ ತೆಗೆಸಿಬಿಡಿ, ಅನಿಲವನ್ನು ಮರಳಿಸುವ ಕವಾಟವನ್ನು ಮುಚ್ಚಿಬಿಡಿ ಎಂದು. ದೊಡ್ಡ ಗಾಡಿಗಳಲ್ಲಿ ಶೇ. 32.5ರ ಯೂರಿಯಾ ದ್ರಾವಣವನ್ನು ಬಳಸುವ ವ್ಯವಸ್ಥೆಯನ್ನೂ ಹೀಗೆ ನಿಷ್ಕ್ರಿಯಗೊಳಿಸಲಾಗುತ್ತದೆ, ಇಲ್ಲವೇ ಗದ್ದೆಯ ಬೇವು ಲೇಪಿತ ಯೂರಿಯಾವನ್ನೇ ನೀರಿಗೆ ಕಲಸಿ ಸುರಿದು ಕೆಡಿಸಲಾಗುತ್ತದೆ.

ಇದು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಹೊರದೇಶದ ಅನುಭವವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಮಾಡಿದ ಅಂದಾಜಿನಂತೆ, ಅದರ ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ ಅಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ ವಾಹನಗಳ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ಕಿತ್ತುಹಾಕಲಾಗಿತ್ತು. ಅವುಗಳ ಆಯುಷ್ಯದಲ್ಲಿ ಗಾಳಿಗೆ ಸೇರುವ ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್‌ಗಳು 5,70,000 ಟನ್ನಿಗೂ ಹೆಚ್ಚು. 2015ರ ಸೆಪ್ಟೆಂಬರಿನಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣ ಕಲಿಸಿದ್ದೂ ಇದನ್ನೇ: ಕಣ್ಣಿಗೆ ಕಾಣದ ಕೆಲವು ಸಾಲು ಸಾಫ್ಟ್‌ವೇರ್ ಒಂದು ಎಂಜಿನ್ನನ್ನು ಪರೀಕ್ಷೆಯಲ್ಲಿ ಸಜ್ಜನನನ್ನಾಗಿ, ರಸ್ತೆಯಲ್ಲಿ ದುರ್ಜನನನ್ನಾಗಿ ಮಾಡಬಲ್ಲದು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಘೋಷಿಸಿದೆ. ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಇತರ ಅನಿಲಗಳೊಡನೆ ಸೇರಿ ನೆಲಮಟ್ಟದ ಓಜೋನ್ ಆಗುತ್ತವೆ. ಅದು ಎಲೆಯ ರಂಧ್ರಗಳ ಮೂಲಕ ಒಳಹೊಕ್ಕು ಪೈರಿನ ಇಳುವರಿಯನ್ನು ತಗ್ಗಿಸುತ್ತದೆ. ಹಾಗೆಂದರೆ ಈ ಸಾಲದ ಒಂದು ಭಾಗವನ್ನು ತೀರಿಸುವವರು ಗಾಡಿಯ ಒಡೆಯರಲ್ಲ. ರಸ್ತೆಬದಿಯ ಶಾಲೆಯ ಮಕ್ಕಳು, ಪಕ್ಕದ ಗದ್ದೆಯ ರೈತರು.

ಕಾನೂನನ್ನೂ ತಿಳಿದಿರಬೇಕು. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಒಡೆಯನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ವಾರಂಟಿ ನಿರಾಕರಿಸಲು, ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ತೆಗೆಯಲು ತಿಳಿಸದೆ ಮಾಡಿಸಿದ ಮಾರ್ಪಾಡು ಸಾಕಾದ ಕಾರಣವಾಗುತ್ತದೆ. ಪೆಟ್ಟಿಗೆಯನ್ನು ಬಿಚ್ಚಿಟ್ಟರೆ ಗುರುತೇ ಉಳಿಯದೆಂಬ ಭರವಸೆಯೂ ಗಟ್ಟಿಯಲ್ಲ. ಅನೇಕ ಎಂಜಿನ್ನುಗಳ ಗಣಕ ತಾನು ಕಂಡ ಅಸಹಜ ಅಂಕಿಗಳನ್ನು ದಾಖಲಿಸಿಟ್ಟುಕೊಳ್ಳುತ್ತದೆ.

ಇಷ್ಟಾದ ಮೇಲೂ ಹಾಕಿಸಲೇಬೇಕೆಂದು ನಿಶ್ಚಯಿಸಿದವರು ಮಾರುವವರ ಮುಂದೆ ಈ ಪ್ರಶ್ನೆಗಳನ್ನಿಡಲಿ.

1. ಈ ಸಾಧನ ಯಾವ ಸಂಕೇತವನ್ನು ಬದಲಿಸುತ್ತದೆ? ಇದಕ್ಕೆ ನೇರ ಉತ್ತರ ಕೊಡದವರಿಂದ ಕೊಳ್ಳಬೇಡಿ.

2. ನನ್ನದೇ ಗಾಡಿಯನ್ನು ಡೈನಮೊಮೀಟರಿನ ಮೇಲೆ ಮೊದಲೊಮ್ಮೆ, ಆಮೇಲೊಮ್ಮೆ ಅಳೆದು ಕೊಡುವಿರಾ? ಬೇರೆ ಗಾಡಿಯ ನಕ್ಷೆ ನಿಮ್ಮ ಗಾಡಿಗೆ ಪ್ರಮಾಣವಲ್ಲ.

3. ಗರಿಷ್ಠ ಟಾರ್ಕ್ ಎಷ್ಟಾಗುತ್ತದೆ, ನನ್ನ ಕ್ಲಚ್ಚು, ಗೇರ್ ಬಾಕ್ಸುಗಳ ಮಿತಿ ಎಷ್ಟು? ಕಡಿಮೆ ಸುತ್ತಿನಲ್ಲಿ ಥಟ್ಟನೆ ಟಾರ್ಕ್ ಏರಿಸುವ ಹೊಂದಾಣಿಕೆಗಿಂತ ನಡುಸುತ್ತಿನಲ್ಲಿ ಮೆಲ್ಲಗೆ ಏರಿಸುವುದು ಲೇಸು.

4. ಶಾಖ ಹೆಚ್ಚಿದಾಗ ಬಲ ತಗ್ಗಿಸುವ ತಯಾರಕರ ರಕ್ಷಣೆಗಳು ಉಳಿಯುತ್ತವೆಯೇ? ಉಳಿಯದಿದ್ದರೆ ಬೇಡ.

5. ಡಿ.ಪಿ.ಎಫ್. ಮತ್ತು ಅನಿಲ ಮರಳಿಸುವ ಕವಾಟವನ್ನು ಮುಟ್ಟುವಿರಾ? ಮುಟ್ಟುವವರ ಅಂಗಡಿಯಿಂದ ಎದ್ದು ಬನ್ನಿ.

6. ಮೂಲ ಸ್ಥಿತಿಗೆ ಮರಳಿಸಲು ಆಗುತ್ತದೆಯೇ, ಎಂಜಿನ್ನು ಕೆಟ್ಟರೆ ಹೊಣೆ ಯಾರದು? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಾಕಿಸಿದ ಮೇಲೆ ಆಯಿಲನ್ನು ನಿಗದಿತ ಕಿಲೋಮೀಟರಿಗೆ ಮೊದಲೇ ಬದಲಿಸಬೇಕು. ಘಾಟಿ ಏರಿ ನಿಲ್ಲಿಸಿದಾಗ ಒಂದೆರಡು ನಿಮಿಷ ಎಂಜಿನ್ನನ್ನು ಆರಾಮವಾಗಿ ಓಡಲು ಬಿಟ್ಟು ಟರ್ಬೊವನ್ನು ತಣಿಸಬೇಕು. ಉಳಿತಾಯದ ಮಾತನ್ನು ಪುಸ್ತಕದಲ್ಲಿ ಪರೀಕ್ಷಿಸಿ. ಪೆಟ್ಟಿಗೆಗೆ ಮೊದಲು ಐದು ಸಲ, ಆಮೇಲೆ ಐದು ಸಲ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿ ಲೀಟರು, ಕಿಲೋಮೀಟರು, ಹೇರು ಮೂರನ್ನೂ ಬರೆದಿಡಿ. ಪ್ರತಿ ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ನಿಜವಾಗಿ ಉಳಿದ ಲೀಟರು ಎಲ್ಲರಿಗೂ ಲಾಭ, ಜಾಹೀರಾತಿನಲ್ಲಿ ಉಳಿದ ಲೀಟರು ಮಾರುವವನಿಗೆ ಮಾತ್ರ.

ನಮ್ಮ ಅಭಿಪ್ರಾಯ ಸ್ಪಷ್ಟವಿದೆ. ದುಡಿದು ಕಂತು ಕಟ್ಟುವ ಗೂಡ್ಸ್ ಗಾಡಿಗೆ, ಟ್ರಾಕ್ಟರಿಗೆ, ಜನರನ್ನು ಹೊತ್ತು ಘಾಟಿ ಏರುವ ವಾಹನಕ್ಕೆ ಈ ಸಾಲ ಬೇಡ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ, ಶ್ರೀರಂಗಪಟ್ಟಣವನ್ನು ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿಲೋಮೀಟರು. ಇಂದಿನ ಸಾಧಾರಣ ಕಾರು ಯಾವ ಪೆಟ್ಟಿಗೆಯೂ ಇಲ್ಲದೆ ಆ ವೇಗವನ್ನು ಮುಟ್ಟುತ್ತದೆ. ಕಾರಿನ ಒಡೆಯನಿಗಾದರೋ ಇದು ಹವ್ಯಾಸ. ಕೆಟ್ಟರೆ ಬಸ್ಸು ಹಿಡಿದಾನು. ಬೆಳಗಿನ ಜಾವ ಮಾರುಕಟ್ಟೆ ತಲುಪಬೇಕಾದ ಟೊಮೆಟೊಗೆ ಆ ಅನುಕೂಲವಿಲ್ಲ.

ಸಾರಿಗೆ ಇಲಾಖೆ ಗಾಡಿಯವನಿಗೆ ದಂಡ ವಿಧಿಸಿ ಕೈತೊಳೆದುಕೊಂಡರೆ ಸಾಲದು. ಹೊಗೆ ಶೋಧಕ ಕಿತ್ತುಕೊಡುವ ಅಂಗಡಿಗಳನ್ನೂ ಪ್ರಶ್ನಿಸಬೇಕು. ಕೈಗಾರಿಕಾ ತರಬೇತಿ ಕೇಂದ್ರಗಳು ಹಳ್ಳಿಯ ಮೆಕ್ಯಾನಿಕ್ಕುಗಳಿಗೆ ಹೊಸ ಎಂಜಿನ್ನುಗಳ ದೋಷ ಪತ್ತೆಹಚ್ಚುವುದನ್ನು ಕಲಿಸಬೇಕು. ರೋಗ ಗುರುತಿಸಬಲ್ಲವನಿದ್ದರೆ ಪೆಟ್ಟಿಗೆಯ ವ್ಯಾಪಾರ ತಾನಾಗಿಯೇ ಇಳಿಯುತ್ತದೆ. ಓದುಗರು ಮಾಡಬಹುದಾದದ್ದು ಇನ್ನೂ ಸುಲಭ. ಈ ವಾರ ನಿಮ್ಮ ಗಾಡಿಯ ಏರ್ ಫಿಲ್ಟರನ್ನು ಬಿಚ್ಚಿ ನೋಡಿ, ಟಯರಿನ ಗಾಳಿ ಅಳೆಸಿ, ಹೇರನ್ನು ತೂಗಿಸಿ. ಇವಕ್ಕೆ ತಗಲುವ ಖರ್ಚು ಪೆಟ್ಟಿಗೆಯ ಬೆಲೆಯ ಒಂದಂಶ. ಇವುಗಳಿಂದ ಬರುವ ಬಲಕ್ಕೆ ಬಡ್ಡಿಯಿಲ್ಲ.